ಸೀಟಿ ಊದಿದವರು ಶಾಲೆ ನಡೆಸಬಾರದೇ?

ಮಾನ್ಯ ಸಂಪಾದಕರೇ,

ದೈಹಿಕ ಶಿಕ್ಷಣ ಶಿಕ್ಷಕರನ್ನೂ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರ ಬಡ್ತಿಗೆ ಪರಿಗಣಿಸಬೇಕೆಂಬ ಬೇಡಿಕೆಯನ್ನು ಕುರಿತು ಕಳೆದ ವಾರ ಇದೇ ಅಂಕಣದಲ್ಲಿ ಮೈಸೂರಿನ ಓದುಗರೊಬ್ಬರು ಬರೆದ ಪತ್ರವನ್ನು ಎರಡು ಸಲ ಓದಿದೆ. ಸೀಟಿ ಊದಿಕೊಂಡು ಬಂದವರಿಗೆ ಪಠ್ಯ ತಿಳಿಯದು, ಲೆಕ್ಕಪತ್ರ ತಿಳಿಯದು, ಅವರ ಕೈಗೆ ಶಾಲೆ ಕೊಟ್ಟರೆ ಅದು ಗರಡಿಮನೆಯಾಗುತ್ತದೆ ಎಂಬುದು ಅವರ ವಾದದ ಸಾರ. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಸೀಟಿ ಊದಿ ನಿವೃತ್ತನಾದವನು ನಾನು. ನನ್ನ ಉತ್ತರದಲ್ಲಿ ಸ್ವಾರ್ಥದ ವಾಸನೆ ಬಂದರೆ ಆಶ್ಚರ್ಯವಿಲ್ಲ. ಆದರೆ ನಿವೃತ್ತನಿಗೆ ಯಾವ ಸರ್ಕಾರವೂ ಬಡ್ತಿ ಕೊಡುವುದಿಲ್ಲ ಎಂಬುದನ್ನು ಓದುಗರು ನನ್ನ ಪರವಾಗಿ ನೆನಪಿಡಬೇಕೆಂದು ಕೋರುತ್ತೇನೆ.

ಗರಡಿಮನೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಮೈಸೂರಿನವರೊಬ್ಬರು ಆ ಪದವನ್ನು ಬೈಗುಳದಂತೆ ಬಳಸಿದ್ದು ನನಗೆ ಸೋಜಿಗವೆನಿಸಿತು. ದಸರೆಯ ಕುಸ್ತಿ ನೋಡಲು ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ನಾವು ಇಂದಿಗೂ ಅವರ ಊರಿಗೆ ಹೋಗುತ್ತೇವೆ; ವಿಜಯದಶಮಿಯ ದಿನ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗವಾಗದೆ ಹಬ್ಬ ಪೂರ್ತಿಯಾಗುವುದಿಲ್ಲ. ಗರಡಿಯಲ್ಲಿ ವಸ್ತಾದನೆಂದರೆ ಬರೀ ಪಟ್ಟು ಕಲಿಸುವವನಲ್ಲ. ಒಂದು ಕಾಲಕ್ಕೆ ತಾನೇ ಅಖಾಡಕ್ಕಿಳಿದು ಮಣ್ಣು ಮುಕ್ಕಿದವನು, ಆಮೇಲೆ ಯಾವ ಹುಡುಗ ಎಷ್ಟು ಬಸ್ಕಿ ಹೊಡೆಯಬೇಕು, ಏನು ಉಣ್ಣಬೇಕು, ಯಾರ ಜೊತೆ ಜೋಡಿ ಕಟ್ಟಿದರೆ ಸರಿಹೋದೀತು, ಯಾವನು ಎರಡು ದಿನದಿಂದ ಮಂಕಾಗಿದ್ದಾನೆ ಎಂಬುದನ್ನೆಲ್ಲ ಗಮನಿಸುತ್ತ ಒಂದು ಮನೆಯನ್ನೇ ನಡೆಸುವವನು. ಶಾಲೆ ಗರಡಿಮನೆಯಾಗುತ್ತದೆಂಬುದು ಆಕ್ಷೇಪಣೆಯೋ ಹೊಗಳಿಕೆಯೋ ಎಂದು ನನಗೆ ತಕ್ಷಣ ಹೊಳೆಯಲಿಲ್ಲ.

ಆದರೆ ಈ ಪತ್ರ ಬರೆಯಲು ಕೂತದ್ದು ಇನ್ನೊಬ್ಬರ ಬದುಕನ್ನು ಆ ಓದುಗರ ಮುಂದಿಡುವುದಕ್ಕಾಗಿ. ನನ್ನ ಶಾಲೆಯಲ್ಲಿ ಎನ್‌ಸಿಸಿ ಘಟಕದ ಹೊಣೆಯೂ ನನ್ನದೇ ಆಗಿತ್ತು. ಕಾಂಪ್ಟಿಯಲ್ಲಿ ತರಬೇತಿ ಮುಗಿಸಿ ಥರ್ಡ್ ಆಫೀಸರ್ ಆಗಿ ಬಂದ ಹೊಸದರಲ್ಲಿ, ಕೆಡೆಟ್‌ಗಳಿಗೆ ಕೊಡಗಿನ ಜನರಲ್ ತಿಮ್ಮಯ್ಯನವರ ಕತೆ ಹೇಳಬೇಕೆಂದು ಕೊರಿಯಾ ಯುದ್ಧದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಯುದ್ಧ ನಿಂತ ಮೇಲೆ, 1953ರಲ್ಲಿ, ಊರಿಗೆ ಮರಳಲೊಲ್ಲದ ಕೈದಿಗಳ ವಿಚಾರವನ್ನು ತೀರ್ಮಾನಿಸಲು ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಆ ಓದಿನಲ್ಲಿ ‘ಡೇವಿಡ್‌ಸನ್ ರೇಖೆ’ ಎಂಬ ಹೆಸರೊಂದು ಕಣ್ಣಿಗೆ ಬಿತ್ತು. 1950ರ ಆಗಸ್ಟ್‌ನಲ್ಲಿ ಉತ್ತರ ಕೊರಿಯಾದ ಸೇನೆಯು ಅಮೆರಿಕ ಮತ್ತು ದಕ್ಷಿಣ ಕೊರಿಯಾದ ಪಡೆಗಳನ್ನು ಪುಸಾನ್ ಬಂದರಿನ ಸುತ್ತಲಿನ ಮೂಲೆಗೆ ಒತ್ತಿಕೊಂಡು ಬಂದಿದ್ದಾಗ, ಇನ್ನೂ ಹಿಂದೆ ಸರಿಯಬೇಕಾಗಿ ಬಂದರೆ ಕಾಲೂರಿ ನಿಲ್ಲಲು ಒಂದು ರಕ್ಷಣಾ ಸಾಲನ್ನು ಗುರುತಿಸಿ ಸಿದ್ಧಪಡಿಸುವ ಕೆಲಸವನ್ನು ಅಲ್ಲಿನ ಅಮೆರಿಕನ್ ಸೇನೆಯ ದಂಡನಾಯಕ ಜನರಲ್ ವಾಕರ್ ಒಬ್ಬ ಎಂಜಿನಿಯರ್ ಅಧಿಕಾರಿಗೆ ಒಪ್ಪಿಸಿದರು. ಅವರೇ ಗ್ಯಾರಿಸನ್ ಡೇವಿಡ್‌ಸನ್. ಸೇನೆ ಆ ಸಾಲಿಗೆ ಸರಿಯುವ ಪ್ರಸಂಗ ಕೊನೆಗೂ ಬರಲಿಲ್ಲ. ಆದರೆ ಈ ಮನುಷ್ಯ ಯಾರೆಂದು ಹುಡುಕಿಕೊಂಡು ಹೋದಾಗ, ಅವರು ಮೊದಲು ಕಾಲೇಜು ತಂಡದ ಆಟಗಾರ, ಆಮೇಲೆ ಅದೇ ತಂಡದ ಕೋಚ್, ಕೊನೆಗೆ ಅದೇ ಮಿಲಿಟರಿ ವಿದ್ಯಾಲಯದ ಮುಖ್ಯಸ್ಥ ಎಂದು ತಿಳಿದು ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

ಡೇವಿಡ್‌ಸನ್ ಹುಟ್ಟಿದ್ದು 1904ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಓದಿದ್ದು ಹಡ್ಸನ್ ನದಿಯ ದಡದ ವೆಸ್ಟ್ ಪಾಯಿಂಟ್‌ನಲ್ಲಿ. 1802ರಲ್ಲಿ ಆರಂಭವಾದ ಈ ಅಕಾಡೆಮಿ ಅಮೆರಿಕದ ಸೇನಾಧಿಕಾರಿಗಳನ್ನು ತಯಾರಿಸುವ ಸಂಸ್ಥೆ. ಬಹುಕಾಲ ಅದು ಆ ದೇಶದ ಎಂಜಿನಿಯರುಗಳನ್ನೂ ತಯಾರಿಸುತ್ತಿತ್ತು. ಡೇವಿಡ್‌ಸನ್ ಸೇರುವುದಕ್ಕೆ ಸ್ವಲ್ಪ ಮೊದಲು, 1919ರಿಂದ 1922ರವರೆಗೆ, ಅಲ್ಲಿನ ಮುಖ್ಯಸ್ಥರಾಗಿದ್ದವರು ಡಗ್ಲಾಸ್ ಮ್ಯಾಕ್‌ಆರ್ಥರ್. ತಾವೂ ಅಲ್ಲೇ ಓದಿ ಬೇಸ್‌ಬಾಲ್ ಆಡಿದ್ದ ಮ್ಯಾಕ್‌ಆರ್ಥರ್, ಆಟವೆಂದರೆ ತಂಡಕ್ಕೆ ಆಯ್ಕೆಯಾದ ಹನ್ನೊಂದು ಮಂದಿಯದ್ದಲ್ಲ, ಪ್ರತಿಯೊಬ್ಬ ಕೆಡೆಟ್ ಕೂಡ ಮೈದಾನಕ್ಕಿಳಿಯಲೇಬೇಕು ಎಂದು ನಿಯಮ ಮಾಡಿದ್ದರು. ನಮ್ಮ ಶಾಲೆಗಳಲ್ಲಿ ವೇಳಾಪಟ್ಟಿಯಲ್ಲಿ ಆಟದ ಅವಧಿ ಇದ್ದೂ, ಹತ್ತನೇ ತರಗತಿಯವರಿಗೆ ಜೂನ್ ತಿಂಗಳಿನಿಂದಲೇ ಅದು ಗಣಿತದ ಅವಧಿಯಾಗಿ ಬದಲಾಗುವುದನ್ನು ಕಂಡವರಿಗೆ ಈ ನಿಯಮದ ಬೆಲೆ ಅರ್ಥವಾಗುತ್ತದೆ. ಆ ಗಾಳಿ ಇನ್ನೂ ಬೀಸುತ್ತಿದ್ದ ವರ್ಷಗಳಲ್ಲಿ ಓದಿದ ಡೇವಿಡ್‌ಸನ್ 1927ರಲ್ಲಿ ಪದವಿ ಪಡೆದು ಸೇನೆಯ ಎಂಜಿನಿಯರ್ ದಳಕ್ಕೆ ಸೇರಿದರು. ಮೂವತ್ತು ತುಂಬುವ ಮೊದಲೇ, ಇನ್ನೂ ಲೆಫ್ಟಿನೆಂಟ್ ದರ್ಜೆಯಲ್ಲಿರುವಾಗಲೇ, ಅವರನ್ನು ವೆಸ್ಟ್ ಪಾಯಿಂಟ್ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಮಾಡಲಾಯಿತು.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಿಗೆ ಬಂದವನನ್ನು ಕೆಡವುವ ಅಮೆರಿಕದ ಆಟ. ನೋಡುವವರಿಗೆ ಗುದ್ದಾಟದಂತೆ ಕಂಡರೂ ಪ್ರತಿ ನಡೆಗೂ ಮುಂಚೆ ಹನ್ನೊಂದು ಜನರೂ ಕೂಡಿ ಲೆಕ್ಕ ಹಾಕುವ ಆಟವದು. ಇಂದು ಅಲ್ಲಿನ ಕೋಚ್‌ಗಳು ಅಂಚಿನಲ್ಲಿ ನಿಂತು ಪ್ರತಿ ನಡೆಯನ್ನೂ ಹೇಳಿಕೊಡುತ್ತಾರೆ. ಡೇವಿಡ್‌ಸನ್ ಕಾಲದಲ್ಲಿ ಹಾಗಿರಲಿಲ್ಲ. ಪಂದ್ಯ ನಡೆಯುವಾಗ ಹೊರಗಿನಿಂದ ಸೂಚನೆ ಕೊಡುವುದು ನಿಯಮಕ್ಕೆ ವಿರುದ್ಧವಾಗಿತ್ತು. ಯಾವ ನಡೆ ಆಡಬೇಕೆಂಬುದನ್ನು ಮೈದಾನದೊಳಗಿನ ಹುಡುಗನೇ ತೀರ್ಮಾನಿಸಬೇಕಿತ್ತು. ಆಟಗಾರರನ್ನು ಬದಲಿಸುವುದಕ್ಕೂ ಕಟ್ಟುಪಾಡುಗಳಿದ್ದುದರಿಂದ ದಾಳಿಗೂ ರಕ್ಷಣೆಗೂ ಹೆಚ್ಚುಕಡಿಮೆ ಅದೇ ಹುಡುಗರೇ ನಿಲ್ಲುತ್ತಿದ್ದರು. ಅಂದರೆ ಕೋಚ್ ಆದವನು ಹೇಳಬೇಕಾದ್ದನ್ನೆಲ್ಲ ಸೋಮವಾರದಿಂದ ಶುಕ್ರವಾರದೊಳಗೆ ಹೇಳಿ ಮುಗಿಸಿ, ಶನಿವಾರ ಬಾಯಿ ಮುಚ್ಚಿ ಕೂರಬೇಕು. ಕೋಚಿಂಗ್ ಎಂದರೆ ಅಂಚಿನಲ್ಲಿ ನಿಂತು ಗಂಟಲು ಹರಿದುಕೊಳ್ಳುವುದು ಎಂದು ತಿಳಿದಿರುವವರು ಇದನ್ನು ಸ್ವಲ್ಪ ಯೋಚಿಸಬೇಕು. ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಗಳಲ್ಲಿ ರೇಡಿಗೆ ಹೋದ ಹುಡುಗನಿಗೆ ಹತ್ತು ಜನ ಹತ್ತು ದಿಕ್ಕಿನಿಂದ ಕೂಗಿ ಹೇಳುವುದನ್ನು, ಅವನು ಯಾರ ಮಾತನ್ನೂ ಕೇಳಲಾಗದೆ ಬೋನಸ್ ಗೆರೆಯ ಹತ್ತಿರ ಕಕ್ಕಾಬಿಕ್ಕಿಯಾಗಿ ಸಿಕ್ಕಿಬೀಳುವುದನ್ನು ನಾನು ವರ್ಷ ವರ್ಷವೂ ನೋಡಿದ್ದೇನೆ. ಹಾಗೆ ಕೂಗಿದವರಲ್ಲಿ ನಾನೂ ಒಬ್ಬ.

ಡೇವಿಡ್‌ಸನ್ 1933ರಿಂದ 1937ರವರೆಗೆ ಐದು ಋತು ಕೋಚ್ ಆಗಿದ್ದರು. ಆಡಿದ 47 ಪಂದ್ಯಗಳಲ್ಲಿ ಗೆಲುವು 35, ಸೋಲು 11, ಸಮ ಒಂದು. ಮೊದಲ ವರ್ಷವೇ ಒಂಬತ್ತು ಪಂದ್ಯ ಗೆದ್ದು, ಕೊನೆಯ ಪಂದ್ಯವನ್ನು ನೋಟ್ರ ಡೇಮ್ ವಿರುದ್ಧ 13–12ರಲ್ಲಿ, ಒಂದೇ ಒಂದು ಅಂಕದಿಂದ ಕಳೆದುಕೊಂಡರು. ಅಲ್ಲಿ ನೌಕಾಪಡೆಯ ಅಕಾಡೆಮಿಯ ವಿರುದ್ಧದ ಪಂದ್ಯವೆಂದರೆ ವರ್ಷವಿಡೀ ಕಾಯುವ ಜಾತ್ರೆ. ಅದರಲ್ಲಿ ಮೂರು ಸಲ ಗೆದ್ದು ಎರಡು ಸಲ ಸೋತರು. ದಂತಕತೆಯಾಗುವಂಥ ದಾಖಲೆಯಲ್ಲ, ತಲೆ ತಗ್ಗಿಸುವಂಥದ್ದೂ ಅಲ್ಲ. ನನ್ನಂಥವರಿಗೆ ಇಂಥ ಲೆಕ್ಕವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಮುಂದಿನ ವರ್ಷಗಳನ್ನು ಇಲ್ಲಿ ಬೇಗ ದಾಟಿಬಿಡಬಹುದು. ಎರಡನೇ ಮಹಾಯುದ್ಧದಲ್ಲಿ ಅವರು ಜನರಲ್ ಪ್ಯಾಟನ್ನರ ಏಳನೇ ಸೇನೆಯ ಎಂಜಿನಿಯರ್ ಆಗಿ ಸಿಸಿಲಿಗೆ ಹೋದರು. ಕೊರಿಯಾದ ಮಾತನ್ನು ಆಗಲೇ ಹೇಳಿದ್ದೇನೆ. ಕನ್ನಂಬಾಡಿ ಕಟ್ಟೆಯ ನೀರು ಕುಡಿದು ಬೆಳೆದ ಮಂಡ್ಯದವರಿಗೆ ಎಂಜಿನಿಯರ್ ಎಂದರೆ ಏನು ಎಂದು ವಿವರಿಸುವ ಅಗತ್ಯವಿಲ್ಲ. 1954ರಲ್ಲಿ ಹಿರಿಯ ಅಧಿಕಾರಿಗಳಿಗೆ ತರಬೇತಿ ಕೊಡುವ ಲೆವನ್‌ವರ್ತ್‌ನ ಕಾಲೇಜಿನ ಕಮಾಂಡೆಂಟ್ ಆದರು. 1956ರಲ್ಲಿ ವೆಸ್ಟ್ ಪಾಯಿಂಟ್‌ನ ಸೂಪರಿಂಟೆಂಡೆಂಟ್, ಅಂದರೆ ಮುಖ್ಯಸ್ಥ, ಆಗಿ ತಾವು ಕೆಡೆಟ್ ಆಗಿದ್ದ, ಕೋಚ್ ಆಗಿದ್ದ ಅದೇ ಆವರಣಕ್ಕೆ ಮರಳಿದರು. ಮರುವರ್ಷ ನಮ್ಮ ತಿಮ್ಮಯ್ಯನವರು ಭಾರತೀಯ ಭೂಸೇನೆಯ ಮುಖ್ಯಸ್ಥರಾದರು. ಕೊರಿಯಾದ ಒಂದೇ ನೆಲವನ್ನು ಬೇರೆ ಬೇರೆ ಕಾರಣಕ್ಕೆ ತುಳಿದಿದ್ದ ಈ ಇಬ್ಬರ ಹೆಸರನ್ನು ಕೆಡೆಟ್‌ಗಳಿಗೆ ಒಟ್ಟಿಗೆ ಹೇಳುವಾಗ ನನಗೆ ಒಂದು ಬಗೆಯ ಖುಷಿಯಾಗುತ್ತಿತ್ತು.

ಈಗ ಆ ಓದುಗರ ಪ್ರಶ್ನೆಗೆ ಬರುತ್ತೇನೆ. ಕೋಚ್ ಒಬ್ಬನು ವಿದ್ಯಾಲಯದ ಮುಖ್ಯಸ್ಥನಾದರೆ ಏನಾಗುತ್ತದೆ? ಆಟವೇ ಮೆರೆಯುತ್ತದೆ, ಪಾಠ ಮೂಲೆಗೆ ಬೀಳುತ್ತದೆ ಎಂಬುದು ಅವರ ಭಯ. ಆ ಭಯ ಬುಡವಿಲ್ಲದ್ದಲ್ಲ ಎಂಬುದಕ್ಕೆ ವೆಸ್ಟ್ ಪಾಯಿಂಟ್‌ನ ಚರಿತ್ರೆಯೇ ಸಾಕ್ಷಿ. ಡೇವಿಡ್‌ಸನ್ ಬರುವುದಕ್ಕೆ ಐದು ವರ್ಷ ಮೊದಲು, 1951ರಲ್ಲಿ, ಪರೀಕ್ಷೆಯ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟ ಹಗರಣದಲ್ಲಿ ಸುಮಾರು 90 ಕೆಡೆಟ್‌ಗಳು ಸಿಕ್ಕಿಬಿದ್ದಿದ್ದರು. ಅವರಲ್ಲಿ ಫುಟ್‌ಬಾಲ್ ತಂಡದವರೇ ಬಹಳ ಮಂದಿ. ಕೋಚ್ ರೆಡ್ ಬ್ಲೇಕ್ ಅವರ ಸ್ವಂತ ಮಗನೂ ಅವರಲ್ಲಿದ್ದ. ಆಟ ಆಡಿಸಿದರೆ ಚಾರಿತ್ರ್ಯ ತಾನಾಗಿಯೇ ಬೆಳೆಯುತ್ತದೆ ಎಂದು ನಮ್ಮ ಕ್ರೀಡಾಕೂಟಗಳ ಉದ್ಘಾಟನೆಯಲ್ಲಿ ಹೇಳುವ ಮಾತನ್ನು ನಾನು ಈ ಘಟನೆಯನ್ನು ಓದಿದ ಮೇಲೆ ಹೇಳುವುದನ್ನು ನಿಲ್ಲಿಸಿದೆ.

ಇಂಥ ಕಡೆಗೆ ಮಾಜಿ ಕೋಚ್ ಒಬ್ಬರು ಮುಖ್ಯಸ್ಥರಾಗಿ ಬಂದು ಮೊದಲು ಕೈಹಾಕಿದ್ದು ಮೈದಾನಕ್ಕಲ್ಲ, ತರಗತಿಗೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸಿಲ್ವೇನಸ್ ಥೇಯರ್ ಎಂಬ ಮುಖ್ಯಸ್ಥರು ಹಾಕಿಕೊಟ್ಟ ಕ್ರಮದಲ್ಲೇ ಅಲ್ಲಿನ ಪಾಠ ನಡೆದುಕೊಂಡು ಬಂದಿತ್ತು. ಸಣ್ಣ ಸಣ್ಣ ಗುಂಪು, ಪ್ರತಿದಿನವೂ ಪ್ರತಿಯೊಬ್ಬನೂ ಪಾಠ ಒಪ್ಪಿಸಬೇಕು, ಪ್ರತಿದಿನವೂ ಅಂಕ, ಅಂಕದ ಮೇಲೆ ಸ್ಥಾನ. ಎಲ್ಲರಿಗೂ ಒಂದೇ ಪಠ್ಯ, ಅದರಲ್ಲೂ ಎಂಜಿನಿಯರಿಂಗ್ ಮತ್ತು ಗಣಿತದ ಭಾರವೇ ಹೆಚ್ಚು. ಕಾಲ ಬದಲಾಗಿದೆ, ಸೇನಾಧಿಕಾರಿಗೆ ಸೇತುವೆ ಕಟ್ಟುವ ವಿದ್ಯೆಯೊಂದೇ ಸಾಲದು ಎಂದು ಸ್ವತಃ ಎಂಜಿನಿಯರ್ ಆಗಿದ್ದ ಡೇವಿಡ್‌ಸನ್ ವಾದಿಸಿದರು. ಇಡೀ ಪಠ್ಯಕ್ರಮದ ಪರಿಶೀಲನೆ ನಡೆಸಿ, ಕೆಡೆಟ್‌ಗಳು ಕೆಲವು ವಿಷಯಗಳನ್ನಾದರೂ ತಾವೇ ಆರಿಸಿಕೊಳ್ಳುವ ಅವಕಾಶಕ್ಕೆ ದಾರಿ ತೆರೆದರು. ದಶಕಗಟ್ಟಲೆ ಅಲ್ಲೇ ಬೇರೂರಿದ್ದ ಹಿರಿಯ ಪ್ರಾಧ್ಯಾಪಕರು ಇದನ್ನು ಬಲವಾಗಿ ವಿರೋಧಿಸಿದರು. ಡೇವಿಡ್‌ಸನ್ ಬಯಸಿದ್ದರಲ್ಲಿ ಬಹುಪಾಲು ಅವರ ಅವಧಿಯಲ್ಲಿ ಆಗಲಿಲ್ಲ. ಆದರೂ ಆರಿಸಿಕೊಳ್ಳುವ ಆ ಸಣ್ಣ ಅವಕಾಶ ಉಳಿಯಿತು, ಮುಂದೆ ಬೆಳೆಯಿತು. ಅಂಚಿನಿಂದ ಕೂಗದೆ ಹುಡುಗನೇ ತೀರ್ಮಾನ ಮಾಡಲಿ ಎಂದು ಬಿಟ್ಟುಕೊಟ್ಟು ರೂಢಿಯಿದ್ದ ಮನುಷ್ಯನಿಗೆ ಇದು ಹೊಳೆದದ್ದು ಕಾಕತಾಳೀಯವಲ್ಲವೆಂದು ನನ್ನ ಊಹೆ. ಊಹೆ ಮಾತ್ರ.

ಮೈದಾನದ ಕಡೆಯೂ ನೋಡೋಣ. 1958ರಲ್ಲಿ ಬ್ಲೇಕ್ ಅವರ ತಂಡ ಒಂದೂ ಪಂದ್ಯ ಸೋಲಲಿಲ್ಲ. ಎಂಟು ಗೆಲುವು, ಒಂದು ಸಮ. ಅಷ್ಟಾದರೂ ತಂಡ ವರ್ಷಾಂತ್ಯದ ಹೆಸರುವಾಸಿ ಪಂದ್ಯಗಳಿಗೆ ಹೋಗದೆ ಓದಿಗೆ ಮರಳಿತು. ಮಾಜಿ ಕೋಚ್‌ನ ಆಳ್ವಿಕೆಯಲ್ಲಿ ಆಟ ಮೆರೆಯುತ್ತದೆಂಬ ಭಯಕ್ಕೆ ಇದು ಉತ್ತರವಾಗಬಹುದು. ಆ ತಂಡದ ನಾಯಕ ಪೀಟ್ ಡಾಕಿನ್ಸ್ ಅದೇ ವರ್ಷ ಅಮೆರಿಕದ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದು, ಪದವಿ ಮುಗಿಸಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಓದಲು ಹೋದರು. ಬ್ಲೇಕ್ 1959ರ ಆರಂಭದಲ್ಲಿ ರಾಜೀನಾಮೆ ಕೊಟ್ಟರು. 1960ರಲ್ಲಿ ಡೇವಿಡ್‌ಸನ್ ತಮ್ಮ ಕುರ್ಚಿಯನ್ನು ವೆಸ್ಟ್‌ಮೋರ್‌ಲ್ಯಾಂಡ್ ಅವರಿಗೆ ಬಿಟ್ಟುಕೊಟ್ಟರು. ಮುಂದೆ ವಿಯೆಟ್ನಾಂನಲ್ಲಿ ಅಮೆರಿಕದ ಪಡೆಗಳನ್ನು ನಡೆಸಿದವರು ಅವರೇ; ಆ ಯುದ್ಧದ ಸುದ್ದಿ ಕೇಳುತ್ತ ಬೆಳೆದವರಿಗೆ ಆ ಹೆಸರು ಪರಿಚಿತ. ಡೇವಿಡ್‌ಸನ್ 1964ರಲ್ಲಿ ನಿವೃತ್ತರಾಗಿ 1992ರವರೆಗೆ ಬದುಕಿದ್ದರು.

ಅವರು ಬರೀ ಕೋಚ್ ಆಗಿರಲಿಲ್ಲ, ಪದವೀಧರ ಎಂಜಿನಿಯರ್, ಯುದ್ಧ ಕಂಡ ಜನರಲ್, ನಮ್ಮ ಪಿ.ಟಿ. ಮೇಷ್ಟ್ರಿಗೂ ಅವರಿಗೂ ಎತ್ತಣ ಹೋಲಿಕೆ ಎಂದು ಆ ಓದುಗರು ಕೇಳಬಹುದು. ಒಪ್ಪುತ್ತೇನೆ. ಆದರೆ ನಾನು ಹೇಳಹೊರಟದ್ದೂ ಅದನ್ನೇ. ಐದು ವರ್ಷ ಸೀಟಿ ಹಿಡಿದದ್ದಕ್ಕೆ ಅಲ್ಲಿ ಯಾರೂ ಅವರ ಉಳಿದ ಬಾಗಿಲುಗಳಿಗೆ ಬೀಗ ಹಾಕಲಿಲ್ಲ. ನಮ್ಮಲ್ಲಿ ಪದವಿಯ ಮೇಲೆ ಬಿ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣದ ಪದವಿ, ಮಾಡಿದ ದಿನವೇ ಆ ಬೀಗ ಬೀಳುತ್ತದೆ. ನನ್ನ ಜೊತೆ ಮಹಾರಾಜ ಕಾಲೇಜಿನ ಮೈದಾನದಲ್ಲಿ ಓಡಿದ ಗೆಳೆಯ ಅದೇ ಬಿ.ಎ. ಪದವಿಯ ಮೇಲೆ ಬಿ.ಎಡ್. ಮಾಡಿ ಮುಖ್ಯ ಶಿಕ್ಷಕನಾಗಿ ನಿವೃತ್ತನಾದ. ನಾನು ಅವನಿಗಿಂತ ಎರಡು ವರ್ಷ ಹೆಚ್ಚು ಸೇವೆ ಮಾಡಿ, ಸೇರಿದಾಗ ಇದ್ದ ಹುದ್ದೆಯಲ್ಲೇ ಹೊರಬಿದ್ದೆ. ನಮಗಿರುವ ಬಡ್ತಿಯೆಂದರೆ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಣಾಧಿಕಾರಿ ಹುದ್ದೆ, ಅದು ತಾಲ್ಲೂಕಿಗೊಂದು; ಅದಕ್ಕೂ ಮೇಲೆ ಜಿಲ್ಲೆಯ ಅಧೀಕ್ಷಕ ಹುದ್ದೆ. ಸಾಲಿನಲ್ಲಿ ನಿಂತವರು ಎಷ್ಟು, ಬಾಗಿಲು ಎಷ್ಟು ಎಂದು ಓದುಗರೇ ಲೆಕ್ಕ ಹಾಕಬಹುದು. ದೈಹಿಕ ಶಿಕ್ಷಣದ ಬಗೆಗಿನ ಪ್ರೊ. ವೈದ್ಯನಾಥನ್ ವರದಿಯನ್ನು ಜಾರಿ ಮಾಡಿ, ನಮ್ಮನ್ನೂ ಸಹಶಿಕ್ಷಕರೆಂದು ಎಣಿಸಿ ಎಂದು ಸಂಘದವರು ಮನವಿ ಕೊಟ್ಟು ಕೊಟ್ಟು ಎಷ್ಟೋ ಮಂದಿ ನಿವೃತ್ತರಾಗಿದ್ದಾರೆ.

ಒಮ್ಮೆ ನಮ್ಮ ಮುಖ್ಯ ಶಿಕ್ಷಕರು ಕಾಯಿಲೆ ಬಿದ್ದು ಎರಡು ತಿಂಗಳು ರಜೆ ಹೋದರು. ಶಾಲೆಯಲ್ಲಿ ಸೇವೆಯಲ್ಲಿ ಹಿರಿಯ ನಾನು. ಪ್ರಭಾರ ಬಂದದ್ದು ನನಗಿಂತ ಒಂಬತ್ತು ವರ್ಷ ಕಿರಿಯರಾದ ವಿಜ್ಞಾನ ಶಿಕ್ಷಕರಿಗೆ. ಅವರು ಸಜ್ಜನರು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಆ ಎರಡು ತಿಂಗಳು ಬೆಳಗಿನ ಪ್ರಾರ್ಥನೆಯಿಂದ ಹಿಡಿದು ಬಿಸಿಯೂಟದ ಅಕ್ಕಿ ಮೂಟೆ ಎಣಿಸುವವರೆಗೆ, ಗೈರುಹಾಜರಾದ ಹುಡುಗಿಯ ಮನೆಗೆ ಸೈಕಲ್ಲಿನಲ್ಲಿ ಹೋಗಿ ಬರುವವರೆಗೆ ಕೆಲಸ ಮಾಡಿದ್ದು ಯಾರೆಂದು ಆ ಊರಿನವರಿಗೆ ಗೊತ್ತಿದೆ. ಇನ್ನು ಲೆಕ್ಕಪತ್ರದ ಮಾತು. ಕ್ರೀಡಾ ಸಾಮಗ್ರಿಯ ದಾಸ್ತಾನು ವಹಿಯಲ್ಲಿ ಒಂದು ವಾಲಿಬಾಲ್ ಬ್ಲಾಡರ್ ಹೆಚ್ಚುಕಡಿಮೆಯಾದರೂ ಆಡಿಟ್‌ನವರು ಬಿಡುವುದಿಲ್ಲ. ನನ್ನ 31 ವರ್ಷಗಳ ವಹಿಗಳಲ್ಲಿ ಒಂದೂ ಆಕ್ಷೇಪಣೆ ಬಾಕಿ ಉಳಿದಿಲ್ಲ.

ದಕ್ಷಿಣ ಭಾರತದಲ್ಲಿ ನಮ್ಮ ವೃತ್ತಿ ಶುರುವಾದದ್ದೇ ಮೈದಾನದ ಮನುಷ್ಯನೊಬ್ಬ ಪ್ರಿನ್ಸಿಪಾಲ್ ಆದುದರಿಂದ ಎಂಬುದನ್ನೂ ಹೇಳಬೇಕು. 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಕಟ್ಟಿದ ಹ್ಯಾರಿ ಕ್ರೋ ಬಕ್ ಅಮೆರಿಕದಿಂದ ಬಂದವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡದೊಂದಿಗೆ ಹೋದವರೂ ಅವರೇ. ನನಗೆ ಕಲಿಸಿದ ಗುರುಗಳು ಆ ಕಾಲೇಜಿನಲ್ಲಿ ಕಲಿತವರು.

ನನ್ನ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದೆಂದು ಇನ್ನೊಂದು ವಿಷಯ ಸೇರಿಸುತ್ತೇನೆ. ಶಾಲೆಗಳನ್ನು ಬ್ಯಾರಕ್‌ಗಳನ್ನಾಗಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಕುಶಾಲನಗರದ ಬಳಿಯ ಕೂಡಿಗೆಯಲ್ಲಿ 2007ರಿಂದ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಗಳಿವೆ; ಅವುಗಳ ಉದ್ದೇಶ ಬೇರೆ, ಅಲ್ಲಿಗೆ ಸೇನಾಧಿಕಾರಿಗಳು ಪ್ರಾಂಶುಪಾಲರಾಗುವುದು ಸರಿಯಾಗಿಯೇ ಇದೆ. ಆದರೆ ‘ಮಿಲಿಟರಿ ಶಿಸ್ತು’ ಎಂದು ಬೋರ್ಡ್ ಹಾಕಿಕೊಂಡು, ಬೂಟಿಗೆ ಪಾಲಿಷ್ ಇಲ್ಲದ ಏಳು ವರ್ಷದ ಮಗುವನ್ನು ಬಿಸಿಲಿನಲ್ಲಿ ನಿಲ್ಲಿಸುವ ಖಾಸಗಿ ಶಾಲೆಗಳನ್ನೂ ನಾನು ಕಂಡಿದ್ದೇನೆ. ಅಂಥ ಒಂದು ಶಾಲೆಯವರು ನಿವೃತ್ತಿಯಾದ ಮೇಲೆ ನನ್ನನ್ನು ಕರೆದಿದ್ದರು. ಮಕ್ಕಳಿಗೆ ಆಟದ ಮೈದಾನ ಎಲ್ಲಿದೆ ಎಂದು ಕೇಳಿದೆ. ಬಸ್ಸುಗಳನ್ನು ನಿಲ್ಲಿಸುವ ಜಾಗ ತೋರಿಸಿದರು. ನಮಸ್ಕಾರ ಹೇಳಿ ಬಂದೆ.

ನಾನು ಕೇಳುವುದು ಇಷ್ಟೇ. ಮುಖ್ಯ ಶಿಕ್ಷಕರ ಬಡ್ತಿಗೆ ಇಲಾಖೆ ಯಾವ ಅರ್ಹತೆಯನ್ನಾದರೂ ನಿಗದಿಪಡಿಸಲಿ, ಆಡಳಿತದ ಪರೀಕ್ಷೆ ಎಷ್ಟು ಕಠಿಣವಾಗಿದ್ದರೂ ಇರಲಿ, ಅದನ್ನು ಬರೆಯುವವರ ಪಟ್ಟಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹೆಸರೂ ಇರಲಿ. ಪಾಸಾಗದವರನ್ನು ಕೈಬಿಡಲಿ, ಅದರ ಬಗ್ಗೆ ತಕರಾರಿಲ್ಲ.

ಮೈಸೂರಿನ ಆ ಓದುಗರಿಗೆ ಬಿಡುವಿದ್ದರೆ ಯಾವುದಾದರೂ ದಿನ ಬೆಳಿಗ್ಗೆ ಆರು ಗಂಟೆಗೆ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಬರಲಿ. ಸುತ್ತಲ ಹಳ್ಳಿಗಳ ಹದಿನಾಲ್ಕು ಹುಡುಗಿಯರಿಗೆ ಅಲ್ಲಿ ಕಬಡ್ಡಿ ಹೇಳಿಕೊಡುತ್ತಿದ್ದೇನೆ. ಪಂದ್ಯದ ದಿನ ಅಂಚಿನಿಂದ ಕೂಗಬಾರದೆಂದು ನನಗೇ ನಾನು ನಿಯಮ ಹಾಕಿಕೊಂಡಿದ್ದೇನೆ. ಇನ್ನೂ ಪೂರ್ತಿ ರೂಢಿಯಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮಂಡ್ಯ